ಪಟ್ಟಿಯಲ್ಲಿಲ್ಲದವನ ಛತ್ರಿ

ನಮ್ಮ ಪಡಸಾಲೆಯ ಗೂಟಕ್ಕೆ ಒಂದು ಕರಿ ಛತ್ರಿ ತೂಗುತ್ತಿರುತ್ತದೆ. ಮನೆಗೆ ಬಂದವರು ಒಮ್ಮೆ ಅದನ್ನು ನೋಡುತ್ತಾರೆ, ಒಮ್ಮೆ ನನ್ನನ್ನು ನೋಡುತ್ತಾರೆ, ಆಮೇಲೆ ಚಹಾದ ಬಟ್ಟಲಿನ ಕಡೆಗೆ ಕಣ್ಣು ತಿರುಗಿಸುತ್ತಾರೆ. ಅವರ ಸಂಕೋಚಕ್ಕೆ ಕಾರಣವಿದೆ. ನಾನು ಎರಡೂ ಕಂಕುಳಿಗೆ ಊರುಗೋಲು ಕೊಟ್ಟು ನಡೆಯುವ ಮನುಷ್ಯ. ಎರಡು ವರ್ಷದವನಿದ್ದಾಗ ಬಂದ ಪೋಲಿಯೋ ಎರಡೂ ಕಾಲುಗಳ ಬಲ ತೆಗೆದುಕೊಂಡು ಹೋಯಿತು. ಎರಡೂ ಕೈಗಳನ್ನು ಕೋಲಿಗೇ ಬಿಟ್ಟುಕೊಟ್ಟವನು ಛತ್ರಿಯನ್ನು ಯಾವ ಕೈಯಲ್ಲಿ ಹಿಡಿಯಬೇಕು, ನೀವೇ ಹೇಳಿ. ಅದೂ ಅಲ್ಲದೆ ನಮ್ಮ ಇಳಕಲ್ಲಿನ ಮಳೆ, ಛತ್ರಿ ಹುಡುಕಿ ಬಿಚ್ಚುವಷ್ಟರಲ್ಲಿ ನಿಂತುಹೋಗುವ ಜಾತಿಯದು.

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಸಾವಿತ್ರಿ ಅದನ್ನು ಗೂಟದಿಂದ ಇಳಿಸಿ ಸೆರಗಿನಿಂದ ಧೂಳು ಒರೆಸಿದಳು. ಬಿಸಿಲು ಕಾಣದ ಛತ್ರಿಯ ಬಟ್ಟೆಗೆ ಒಂದು ವಾಸನೆ ಇರುತ್ತದೆ, ಹೊಸ ರಬ್ಬರಿನದೂ ಅಲ್ಲ, ಹಳೆ ಅರಿವೆಯದೂ ಅಲ್ಲ. ಅದು ಮೂಗಿಗೆ ಬಿದ್ದದ್ದೇ ತಡ, ನನ್ನ ಹೊಟ್ಟೆಯಲ್ಲಿ ಆರಿಹೋಗಿದ್ದ ಒಂದು ಉರಿ ಮತ್ತೆ ಚುರ್ ಎಂದಿತು. ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಈ ಛತ್ರಿಯ ಮೇಲೆ ನಾನು ಹೆಚ್ಚು ಕಡಿಮೆ ಏಳು ತಿಂಗಳು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಛತ್ರಿ ಹಿಡಿಯಲಾರದವನು ಛತ್ರಿಗಾಗಿ ಉರಿದುಕೊಂಡ ಕಥೆ ಇದು. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ನನಗೂ ಸ್ವಲ್ಪ ಮರ್ಯಾದೆ ಬೇಕಾಗುತ್ತದೆ.

ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಊರಿಗೆಲ್ಲ ನಾನು ಝೆರಾಕ್ಸ್ ಕಾಕಾ. ಆದರೆ ಝೆರಾಕ್ಸಿಗಿಂತ ಹೆಚ್ಚಾಗಿ ನಾನು ಮಾಡುವುದು ಫಾರಂ ತುಂಬುವ ಕೆಲಸ. ಪಿಂಚಣಿ, ಬಸ್ ಪಾಸು, ಅಂಗವಿಕಲರ ಕಾರ್ಡು, ಆದಾಯದ ಸರ್ಟಿಫಿಕೇಟು, ಏನೇ ಇರಲಿ, ಯಾವ ಖಾನೆಯಲ್ಲಿ ಏನು ಬರೆಯದಿದ್ದರೆ ಯಾವ ಟೇಬಲ್ಲಿನಿಂದ ಕಾಗದ ತಿರುಗಿ ಬರುತ್ತದೆ ಎಂಬುದು ನನಗೆ ಬಾಯಿಪಾಠ. ಮೂವತ್ತು ವರ್ಷ ಮಂದಿಯ ಹೆಸರು, ಮಂದಿಯ ವಯಸ್ಸು, ಮಂದಿಯ ಊನ ಬರೆಯುತ್ತ ಬಂದಿದ್ದೇನೆ. ಇಂಥವನ ಕಣ್ಣೆದುರು ಒಂದು ದಪ್ಪನೆಯ, ನಲವತ್ತು ಪುಟದ, ಬಣ್ಣದ ರಟ್ಟಿನ ಫಾರಂ ಬಂದು ಅದು ತನ್ನದಲ್ಲ ಎಂದಾದರೆ ಹೇಗಾಗಬೇಡ?

ಅದು ಮೌಲಾಸಾಬನದಾಗಿತ್ತು.

ಮೌಲಾಸಾಬ ನನ್ನ ಓರಗೆಯವನು, ನಮ್ಮ ಹಿಂದಿನ ಓಣಿಯವನು. ಐದನೇ ವರ್ಷಕ್ಕೆ ದಡಾರ ಎದ್ದು ಕಣ್ಣು ಕಳೆದುಕೊಂಡ. ಸೀರೆ ಮಗ್ಗದ ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ರಾಟೆಯಿಂದ ನೂಲು ಸುತ್ತಿಕೊಡುವುದು ಅವನ ಕಸುಬು. ಎಳೆ ಇನ್ನೂ ಹರಿದಿರುವುದಿಲ್ಲ, ಹರಿಯುವ ಯೋಚನೆಯಲ್ಲಿರುತ್ತದೆ, ಅಷ್ಟರಲ್ಲೇ ಅವನ ಬೆರಳು ರಾಟೆ ನಿಲ್ಲಿಸುತ್ತದೆ ಎಂದು ನೇಕಾರರು ಹೇಳುತ್ತಾರೆ. ಅವನ ನೆನಪೂ ಹಾಗೆಯೇ. ಒಮ್ಮೆ ಕಿವಿಗೆ ಬಿದ್ದದ್ದು ಹೊರಗೆ ಹೋಗುವುದಿಲ್ಲ. ಬಾದಾಮಿಯ ಬಸ್ಸು ಎಷ್ಟಕ್ಕೆ, ಬಾಗಲಕೋಟೆಗೆ ಕಡೆಯ ಗಾಡಿ ಯಾವುದು ಎಂದು ಬೋರ್ಡು ಓದಬಲ್ಲವರೂ ಅವನನ್ನೇ ಕೇಳುತ್ತಾರೆ.

ನಮ್ಮಿಬ್ಬರಿಗೂ ಸಾಲೆಯ ದಿನಗಳಿಂದ ಒಂದು ನಡಿಗೆ ಇತ್ತು. ಅವನು ತನ್ನ ಎಡಗೈಯನ್ನು ನನ್ನ ಬಲ ಭುಜದ ಮೇಲೆ ಇಡುತ್ತಿದ್ದ. ನಾನು ಕೋಲು ಊರುತ್ತ ಮುಂದೆ, ಅವನು ಅರ್ಧ ಹೆಜ್ಜೆ ಹಿಂದೆ. ಹೊಂಡ, ಹಂದಿ, ಅಡ್ಡ ನಿಲ್ಲಿಸಿದ ಬೈಕು, ಯಾವುದನ್ನೂ ನಾನು ಬಾಯಿಬಿಟ್ಟು ಹೇಳಬೇಕಿರಲಿಲ್ಲ. ನನ್ನ ಭುಜ ಎತ್ತ ತಿರುಗಿತೆಂಬುದು ಅವನ ಅಂಗೈಗೆ ತಿಳಿಯುತ್ತಿತ್ತು. ನನಗೆ ಕಾಲಿಲ್ಲ, ಅವನಿಗೆ ಕಣ್ಣಿಲ್ಲ, ಇಬ್ಬರೂ ಸೇರಿ ಸಂತೆ ಮುಗಿಸಿ ಬರುತ್ತಿದ್ದೆವು. ಅವನಿಗೆ ನಾನು ಬೇಕು ಎಂಬ ಒಂದು ಹೆಮ್ಮೆ ನನಗಿತ್ತು. ಎಷ್ಟಿತ್ತು ಎಂಬುದು ಅದು ಹೋದ ಮೇಲೆ ಗೊತ್ತಾಯಿತು.

ಜೀಪು ಬಂದದ್ದು ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ, ನೇರ ನನ್ನ ಅಂಗಡಿಯ ಮುಂದೆಯೇ ನಿಂತಿತು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಹುಡುಗಿ ಇಳಿದಳು. ಅವಳ ಹೆಸರು ಚೈತ್ರಾ ಎಂದು ಆಮೇಲೆ ತಿಳಿಯಿತು. ಮೈಸೂರು ಕಡೆಯ ಮಾತು, ಒಂದೊಂದು ಶಬ್ದವನ್ನೂ ಇಸ್ತ್ರಿ ಮಾಡಿ ಇಟ್ಟ ಹಾಗೆ.

"ನಮಸ್ಕಾರ ಸರ್. ನಾವು ಅಂಗವಿಕಲರ ಆರೋಗ್ಯ ಮತ್ತು ಯೋಗಕ್ಷೇಮದ ಬಗ್ಗೆ ಒಂದು ಸಂಶೋಧನೆ ಮಾಡುತ್ತಿದ್ದೇವೆ" ಎಂದಳು.

ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ಕುರ್ಚಿ ತೋರಿಸಿದೆ. ಚಹಾಕ್ಕೆ ಹೇಳಲು ಪಕ್ಕದ ಅಂಗಡಿಯ ಕಡೆಗೆ ಕೈ ಎತ್ತಿಯೂ ಆಗಿತ್ತು.

"ಮೌಲಾಸಾಬ್ ಅವರ ಮನೆ ಎಲ್ಲಿ ಬರುತ್ತೆ ಸರ್?"

ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡೆ. "ಅಂವಾ ಇರ್ಲಿ ಬಿಡ್ರಿ. ನಾನೂ ಅಂಗವಿಕಲನ ಅದೀನಲ್ರಿ" ಎಂದು ಗೋಡೆಗೆ ಒರಗಿಸಿದ್ದ ಊರುಗೋಲುಗಳನ್ನು ತೋರಿಸಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವುಗಳನ್ನು ಯಾರಿಗೋ ಸಾಕ್ಷಿಯಾಗಿ ತೋರಿಸಿದ್ದೆ. ಅವಳು ಮೊಬೈಲಿನಲ್ಲಿ ಮೇಲಿಂದ ಕೆಳಗೆ ನೋಡಿ, "ಕ್ಷಮಿಸಿ ಸರ್, ನಿಮ್ಮ ಹೆಸರು ನಮ್ಮ ಪಟ್ಟಿಯಲ್ಲಿಲ್ಲ" ಎಂದಳು.

ಇಳಕಲ್ಲು ಹುನಗುಂದದಿಂದ ಬೇರೆ ತಾಲೂಕಾದಾಗ ಪಟ್ಟಿಯಿಂದ ಪಟ್ಟಿಗೆ ಹಾರುವಲ್ಲಿ ನನ್ನ ಹೆಸರು ಜಾರಿಬಿತ್ತೇ ಎಂದು ಕೇಳಿದೆ. ಹಾಗೇನಿಲ್ಲ, ದೊಡ್ಡ ಪಟ್ಟಿಯಲ್ಲಿ ನನ್ನ ಹೆಸರು ಇತ್ತಂತೆ. ಅದರಿಂದ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಕೆಲವರನ್ನು ಎತ್ತುತ್ತದೆ, ಎತ್ತುವಾಗ ಮೌಲಾಸಾಬ ಬಂದ, ನಾನು ಬರಲಿಲ್ಲ. ಇದಕ್ಕಿಂತ ಜಾರಿಬಿದ್ದಿದ್ದರೇ ಚೆನ್ನಾಗಿತ್ತು ಅನಿಸಿತು, ಯಾರನ್ನಾದರೂ ಬಯ್ಯಬಹುದಿತ್ತು.

ದಾರಿ ತೋರಿಸುವ ನೆಪದಲ್ಲಿ ಅಂಗಡಿಗೆ ಅರ್ಧ ಬಾಗಿಲು ಎಳೆದು ನಾನೂ ಹೋದೆ. ಮೌಲಾಸಾಬನ ಪಕ್ಕದಲ್ಲೇ ಕೂತೆ. ಮೊದಲ ಪ್ರಶ್ನೆ ಬಂತು: "ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ ಎಂದು ನಿಮಗೆ ಅನಿಸುತ್ತದೆ?" ಅವನು ಬಾಯಿ ತೆರೆಯುವ ಮುಂಚೆ ನಾನು, "ಅಂವಗೇನ್ರಿ, ಗುಂಡಕಲ್ಲಿನಂಗ ಅದಾನ" ಎಂದೆ. ಎರಡನೆಯದಕ್ಕೂ ನಾನೇ ಉತ್ತರಿಸಿದೆ. ಫಾರಂ ಕಂಡರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಚೈತ್ರಾ ಪೆನ್ನು ಕೆಳಗಿಟ್ಟು, "ಸರ್, ಇದನ್ನು ಅವರೊಬ್ಬರೇ ಇದ್ದಾಗ ಕೇಳಬೇಕು. ತಾವು ದಯವಿಟ್ಟು ಹೊರಗೆ..." ಎಂದಳು.

ನಲವತ್ತೈದು ವರ್ಷಗಳ ಗೆಳೆತನದಲ್ಲಿ ಮೌಲಾಸಾಬನ ಮನೆಯಿಂದ ಯಾರೂ ನನ್ನನ್ನು ಹೊರಗೆ ಕೂರಿಸಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗಿಂದ ಮಾತು ಕೇಳುತ್ತಿರಲಿಲ್ಲ, ಮಾತಿನ ಏರಿಳಿತ ಕೇಳುತ್ತಿತ್ತು. ಒಮ್ಮೆ ಮೌಲಾಸಾಬ ದೊಡ್ಡದಾಗಿ ನಕ್ಕ. ಒಮ್ಮೆ ಏನೋ ಮೆಲ್ಲಗೆ ಹೇಳಿದ. ಆಮೇಲೆ ಬಿಪಿ ನೋಡುವ ಪಟ್ಟಿಯನ್ನು ತೋಳಿನಿಂದ ಬಿಚ್ಚಿದ ಪರ್ ಎಂಬ ಸದ್ದು. ಒಂದೂಕಾಲು ಗಂಟೆ. ನನ್ನೊಡನೆ ಯಾರಾದರೂ ನನ್ನ ಬಗ್ಗೆ ಒಂದೂಕಾಲು ಗಂಟೆ ಮಾತಾಡಿದ್ದು ಯಾವಾಗ ಎಂದು ಲೆಕ್ಕ ಹಾಕುತ್ತ ಕೂತೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಂಥವರನ್ನು ಯಾರೂ ಏನೂ ಕೇಳುವುದಿಲ್ಲ ಎಂದುಕೊಳ್ಳಬೇಡಿ. ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಕೇಳುತ್ತಾರೆ, ಲಗ್ನದ ಮನೆಯಲ್ಲಿ ಊಟಕ್ಕೆ ಎದುರು ಕೂತವರು ಕೇಳುತ್ತಾರೆ. "ಹ್ಯಾಂಗಾತ್ರಿ ಇದು?" ಹುಟ್ಟಿದಾಗಿನಿಂದಲೋ, ಆಮೇಲೋ, ಸೂಜಿ ಮದ್ದು ಹಾಕಿಸಿರಲಿಲ್ಲವೋ. ಜ್ವರ ಬಂದು ದವಾಖಾನೆಗೆ ಹೋದರೂ ಕಂಪೌಂಡರನಿಂದ ಹಿಡಿದು ಎಲ್ಲರೂ ಮೊದಲು ಕಾಲು ನೋಡುತ್ತಾರೆ. ಹೇಗಾಯಿತು ಎಂದು ಕೇಳಿದವರು ಸಾವಿರ ಮಂದಿ. ಹೇಗಿದ್ದೀರಿ ಎಂದು ಕೇಳಿ, ಉತ್ತರಕ್ಕಾಗಿ ಪೆನ್ನು ಹಿಡಿದು ಕಾದವರನ್ನು ನಾನು ಆವತ್ತೇ ಮೊದಲು ಕಂಡದ್ದು. ಅವರು ಕಾದದ್ದು ಮೌಲಾಸಾಬನ ಮುಂದೆ.

ಹೋಗುವಾಗ ಚೈತ್ರಾ, ಸಮಯ ಕೊಟ್ಟದ್ದಕ್ಕೆ ನೆನಪಿನ ಕಾಣಿಕೆ ಎಂದು ಅವನ ಕೈಗೆ ಹೊಸ ಛತ್ರಿ ಕೊಟ್ಟಳು. ಕರಿ ಬಟ್ಟೆ, ಒತ್ತಿದರೆ ಬಿಚ್ಚುವ ಗುಂಡಿ. ಮೌಲಾಸಾಬ ಮನೆಯೊಳಗೇ ಎರಡು ಬಾರಿ ಬಿಚ್ಚಿ ಮುಚ್ಚಿದ. "ಹಿಡಿ ನೋಡು ಹ್ಯಾಂಗೈತಿ, ಖರೆ ಕಟಗಿದು" ಎಂದು ನನ್ನತ್ತ ಚಾಚಿದ. ಕೋಲೂರಿ ಒಳಗೆ ಬಂದು ನಿಂತಿದ್ದ ನನಗೆ ಹಿಡಿಯಲು ಕೈ ಬಿಡುವಿರಲಿಲ್ಲ. ಆ ಛತ್ರಿ ನನಗೆ ಯಾವ ಉಪಯೋಗಕ್ಕೂ ಬಾರದೆಂಬುದು ಗೊತ್ತಿದ್ದೂ ಅದು ನನಗೆ ಬೇಕೆನಿಸಿತು. ಇಂಥ ಬಯಕೆ ಯಾರ ಹತ್ತಿರ ಹೇಳಿಕೊಳ್ಳುವುದು?

ಆಮೇಲೆ ಶುರುವಾಯಿತು ನೋಡಿ ನನ್ನ ಹೊಟ್ಟೆಯುರಿ. ಮೌಲಾಸಾಬನಿಗೆ ಬಿಪಿ ಹೆಚ್ಚಿದೆ ಎಂದು ಅವರು ಚೀಟಿ ಬರೆದುಕೊಟ್ಟಿದ್ದರು. ಅವನು ಗುಳಿಗೆ ಶುರು ಮಾಡಿದ, ಉಪ್ಪು ಕಡಿಮೆ ಮಾಡಿದ, ಎಲ್ಲರಿಗೂ ಹೇಳಿಕೊಂಡು ತಿರುಗಿದ. ನನಗೂ ಬಿಪಿ ಇರಲೇಬೇಕೆಂದು ನಾನು ಎರಡು ಕಡೆ ನೋಡಿಸಿದೆ. ಎರಡೂ ಕಡೆ ನಾರ್ಮಲ್ ಎಂದರು. ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದದ್ದನ್ನು ಕಂಡು ಸಾವಿತ್ರಿ ಹೆದರಿ, "ಏನಂದ್ರಿ ಡಾಕ್ಟರು?" ಎಂದಳು. "ಏನೂ ಇಲ್ಲಂತ" ಎಂದೆ. "ಮತ್ತ ಹಿಂಗ್ಯಾಕ ಕುಂತೀರಿ?" ಎಂದಳು.

ನಿಜ ಹೇಳಬೇಕೆಂದರೆ ಏನೂ ಇಲ್ಲವೆಂಬುದು ಸುಳ್ಳಾಗಿತ್ತು. ಡಾಕ್ಟರು ನೋಡಿದ್ದು ಎಡ ತೋಳನ್ನು. ಬಲ ಭುಜ ಆಗಲೇ ಒಂದೆರಡು ವರ್ಷದಿಂದ ನೋಯುತ್ತಿತ್ತು. ಕಾಗದದ ರೀಮನ್ನು ಮೇಲಿನ ಹಲಗೆಗೆ ಇಡಲು ಆಗುತ್ತಿರಲಿಲ್ಲ, ಎಲ್ಲ ಕೆಳಗೇ ಇಟ್ಟುಕೊಂಡಿದ್ದೆ. ಗಡ್ಡ ಎಡಗೈಯಲ್ಲಿ ಹೆರೆದುಕೊಳ್ಳಲು ಕಲಿತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಸಾವಿತ್ರಿಗಂತೂ ಹೇಳಿರಲಿಲ್ಲ. ಯಾಕೆಂದರೆ ನಮ್ಮ ಮದುವೆ ಆದದ್ದೇ ಈ ತೋಳುಗಳ ಮೇಲೆ. ಇಪ್ಪತ್ತಾರು ವರ್ಷದ ಹಿಂದೆ ಗುಡೂರಿನಿಂದ ವರ ನೋಡಲು ಬಂದ ನನ್ನ ಮಾವ ಕಟ್ಟೆಯ ಕೆಳಗೆ ನಿಂತು ಅನುಮಾನಿಸುತ್ತಿದ್ದರು. ನಾನು ಊರುಗೋಲು ಬದಿಗಿಟ್ಟು, ಎರಡು ಕೈಯೂರಿ, ಎದೆಮಟ್ಟದ ಕಟ್ಟೆಗೆ ಒಂದೇ ಎಳೆತದಲ್ಲಿ ಮೈಯೆತ್ತಿ ಕೂತೆ. ಮಾವ ತಮ್ಮ ತಮ್ಮನ ಕಡೆ ತಿರುಗಿ, "ಕಾಲಿನ ಮಾತ ಬಿಡೋ, ಹೆಗಲು ನೋಡು. ನಮ್ಮ ಹುಡಿಗೀನ್ನ ಕಡೀತನಾ ಸಾಕ್ತಾನ" ಎಂದರು. ಆ ಹೆಗಲು ಈಗ ಒಂದು ರೀಮು ಎತ್ತುವುದಿಲ್ಲವೆಂದು ಸಾವಿತ್ರಿಗೆ ಯಾವ ಬಾಯಿಂದ ಹೇಳಲಿ? ಇನ್ನೆರಡು ವರ್ಷಕ್ಕೆ ಕೋಲು ಹಿಡಿಯುವುದೂ ಆಗದಿದ್ದರೆ ಅಂಗಡಿಗೆ ಹೋಗುವುದು ಹೇಗೆ? ಅವಳು "ಆರಾಮ ಅದೀರಿಲ್ಲ?" ಎಂದು ಕೇಳಿದಾಗಲೆಲ್ಲ "ಆರಾಮ" ಎನ್ನುತ್ತಿದ್ದೆ. ಅಪರಿಚಿತ ಹುಡುಗಿ, ಜೀಪಿನಲ್ಲಿ ಬಂದು ಜೀಪಿನಲ್ಲಿ ಹೋಗುವವಳು, ಅವಳಿಗೆ ಹೇಳಬಹುದಿತ್ತು. ಅವಳು ಕೇಳಲಿಲ್ಲ.

ಇಷ್ಟರಲ್ಲಿ ಇನ್ನೊಂದಾಯಿತು. ಸಂಶೋಧನೆಯವರಿಂದ ಸುದ್ದಿ ತಿಳಿದು ಮೌಲಾಸಾಬ ಬಾಗಲಕೋಟೆಯಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಹದಿನೈದು ದಿನ ಇದ್ದು ಬಂದ. ಬರುವಾಗ ಕೈಯಲ್ಲಿ ಮಡಚುವ ಬಿಳಿ ಕೋಲಿತ್ತು. ಅದನ್ನು ಟಕ್ ಟಕ್ ಎಂದು ನೆಲಕ್ಕೆ ತಾಗಿಸುತ್ತ ಒಬ್ಬನೇ ಓಣಿ ದಾಟಿ, ರಸ್ತೆ ದಾಟಿ, ನನ್ನ ಅಂಗಡಿಗೆ ಬಂದು ನಿಂತ. ಎದುರಿನ ಬಾಳೆಹಣ್ಣಿನವರು ಚಪ್ಪಾಳೆ ಹೊಡೆದರು. ಸಂಜೆ ಮನೆಗೆ ಹೊರಟಾಗ ನಾನು ಎಂದಿನಂತೆ ಒಂದು ಗಳಿಗೆ ನಿಂತು ಬಲ ಭುಜವನ್ನು ಅವನ ಕಡೆ ಕೊಟ್ಟೆ. "ಬ್ಯಾಡ ನಡಿಯಲೇ, ನಾ ಬರ್ತೇನಿ" ಎಂದು ಅವನು ಕೋಲು ತಾಗಿಸುತ್ತ ಪಕ್ಕದಲ್ಲಿ ನಡೆದ.

ಬರಿಯ ಭುಜ ಇಷ್ಟು ಹಗುರವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಗುರಾದದ್ದಕ್ಕೆ ಸಂತೋಷ ಆಗಲಿಲ್ಲ. ಜೀಪಿನವರು ಅವನಿಗೆ ಒಂದೂಕಾಲು ಗಂಟೆ ಕೊಟ್ಟರು, ಛತ್ರಿ ಕೊಟ್ಟರು, ಬಿಪಿ ಕೊಟ್ಟರು, ಈಗ ಕೋಲೂ ಕೊಟ್ಟು ನನ್ನಿಂದ ಅವನನ್ನೇ ಕಿತ್ತುಕೊಂಡರು ಎಂದು ಹಲ್ಲು ಕಡಿದೆ. ಮಂದಿ ಅವನನ್ನು ಹೊಗಳಿದಾಗಲೆಲ್ಲ, "ಶಿಬಿರದಾಗ ಎಲ್ಲಾರಿಗೂ ಕಲಿಸ್ತಾರ, ಅದರಾಗೇನೈತಿ" ಎನ್ನುತ್ತಿದ್ದೆ.

ಆರು ತಿಂಗಳಿಗೆ ಜೀಪು ಮತ್ತೆ ಬರುವುದಿತ್ತು. ಅದೇ ಮಂದಿಯನ್ನು ಅದೇ ಪ್ರಶ್ನೆ ಮತ್ತೆ ಕೇಳಿ ಏನು ಬದಲಾಯಿತೆಂದು ನೋಡುತ್ತಾರಂತೆ. ಈ ಸಲ ನಾನು ತಯಾರಾಗಿದ್ದೆ. ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಬಳಸಿದೆ: ಅರ್ಜಿ ಬರೆದೆ. 'ವಿಷಯ: ತಮ್ಮ ಸಂಶೋಧನೆಯಲ್ಲಿ ನನ್ನನ್ನೂ ಸೇರಿಸಿಕೊಂಡು ಪ್ರಶ್ನೆ ಕೇಳುವ ಕುರಿತು. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನಾನು ಎರಡೂ ಕಾಲು ಸ್ವಾಧೀನವಿಲ್ಲದ ಇಳಕಲ್ಲಿನ ಕಾಯಂ ರಹಿವಾಸಿಯಿದ್ದು...' ಕೆಳಗೆ ಲಗತ್ತುಗಳ ಸಾಲು. ಅಂಗವಿಕಲರ ಕಾರ್ಡಿನ ನಕಲು, ಆಧಾರ ನಕಲು, ಭಾವಚಿತ್ರ ಎರಡು. ನಕಲುಗಳಿಗೆಲ್ಲ ಅಧಿಕಾರಿಯೊಬ್ಬರಿಂದ ಸಹಿ ಶಿಕ್ಕಾ ಸಹ ಹಾಕಿಸಿದ್ದೆ. ಸಹಿ ಹಾಕುವಾಗ ಅವರು ವಿಷಯ ಓದಲಿಲ್ಲ, ಪುಣ್ಯ.

ಚೈತ್ರಾ ಅಂಗಡಿಯಲ್ಲಿ ಕೂತು ಅರ್ಜಿಯನ್ನು ಕೊನೆಯವರೆಗೆ ಓದಿದಳು. ನಗಲಿಲ್ಲ, ಅದಕ್ಕೆ ಅವಳಿಗೆ ನಾನು ಋಣಿ. "ಸರ್, ನನ್ನನ್ನೂ ಕೇಳಿ ಅಂತ ಬಂದವರನ್ನೇ ಸೇರಿಸಿಕೊಂಡರೆ, ಕೇಳಿ ಅಂತ ಬಾರದವರ ವಿಷಯ ನಮಗೆ ತಿಳಿಯೋದೇ ಇಲ್ಲ. ಅದಕ್ಕೇ ಚೀಟಿ ಎತ್ತೋದು" ಎಂದಳು. ಬಾದಾಮಿಯಲ್ಲಿ, ಕಲಾದಗಿಯಲ್ಲಿ ಎಷ್ಟೋ ಮಂದಿ ತಮ್ಮ ಕಷ್ಟ ಹೇಳಿಕೊಳ್ಳಲು ಬಾಯಿಯೇ ತೆರೆಯುವುದಿಲ್ಲವಂತೆ, ಆರಾಮ, ಎಲ್ಲ ಆರಾಮ ಎನ್ನುತ್ತಾರಂತೆ. ನಾನು ಅಂಥವರನ್ನು ಕಂಡೇ ಇಲ್ಲವೆಂಬಂತೆ ತಲೆಯಾಡಿಸಿದೆ. ಅವಳು ಅರ್ಜಿ ಹಿಂದಕ್ಕೆ ಕೊಟ್ಟು ಮೌಲಾಸಾಬನ ಮನೆಯತ್ತ ನಡೆದಳು. ತಿರಸ್ಕೃತ ಅರ್ಜಿಗಳನ್ನು ಮಂದಿಗೆ ಸಮಾಧಾನ ಹೇಳಿ ತಿರುಗಿ ಕೊಡುವವನು ನಾನು. ನನ್ನದನ್ನು ನನಗೆ ಹಾಗೆ ಕೊಡುವವರಿರಲಿಲ್ಲ.

ಆ ಸಂಜೆ ಮೌಲಾಸಾಬ ಅಂಗಡಿಗೆ ಬಂದು, "ಈ ಸಲ ಭಾಳ ಕೇಳಿದ್ರಪಾ, ಬಾಯಿ ಒಣಗಿತು" ಎಂದ. ಅಷ್ಟು ಸಾಕಾಯಿತು.

"ಒಣಗ್ತೈತಿ, ಯಾಕ ಒಣಗಂಗಿಲ್ಲ" ಎಂದೆ. "ನೀ ದೊಡ್ಡ ಮನಶ್ಯಾ ಆಗಿದಿ. ನಿನ್ನ ಆರಾಮ ಕೇಳಾಕ ಜೀಪು ಬರ್ತಾವು. ನಮ್ಮಂಥಾವ್ರ ಹೆಗಲು ನಿನಗ್ಯಾಕ ಬೇಕು. ಕಣ್ಣು ಹೋಗಿದ್ರ ನಾನೂ ಪುಣ್ಯವಂತ ಆಗ್ತಿದ್ನೇನೋ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮೌಲಾಸಾಬ ಕೋಲು ಬಿಚ್ಚಿದ, ಟಕ್ ಟಕ್ ಎಂದು ಹೊರಟುಹೋದ. ಒಂದು ತಿಂಗಳು ಬರಲಿಲ್ಲ. ಬಸ್ಸಿನ ವೇಳೆ ಕೇಳಲು ಮಂದಿ ನನ್ನ ಹತ್ತಿರ ಬರತೊಡಗಿದರು, ನನಗೆ ಒಂದೂ ನೆನಪಿರುತ್ತಿರಲಿಲ್ಲ. ಅವನ ಮನೆಗೆ ನಾನೇ ಹೋಗಬಹುದಿತ್ತು. ಹೋಗಲಿಲ್ಲ. ತಪ್ಪು ನನ್ನದೆಂದು ಗೊತ್ತಿದ್ದಷ್ಟೂ ಕಾಲು ಏಳುವುದಿಲ್ಲ, ನನ್ನಂಥ ಕಾಲಿಗೆ ಅದೊಂದು ಹೊಸ ನೆಪ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಯಂತ್ರ ಸುಮ್ಮನಾಗಿತ್ತು. ಗಿರಾಕಿಗಳಿರಲಿಲ್ಲ. ಟಕ್ ಟಕ್ ಸದ್ದು ಅಂಗಡಿಯ ಮೆಟ್ಟಿಲಿಗೆ ಬಂದು ನಿಂತಿತು. ಮೌಲಾಸಾಬನ ಕಂಕುಳಲ್ಲಿ ಛತ್ರಿ ಇತ್ತು. ಒಳಗೆ ಬಂದು, ಬೆರಳಿನಿಂದ ಕುರ್ಚಿ ಹುಡುಕಿ ಕೂತ. ಗಂಟಲು ಸರಿಮಾಡಿಕೊಂಡ.

"ನಮಸ್ಕಾರ ಸರ್" ಎಂದ, ಚೈತ್ರಾಳದೇ ಮೈಸೂರು ಧಾಟಿಯಲ್ಲಿ. "ನಾವು ಅಂಗವಿಕಲರ ಆರೋಗ್ಯ ಮತ್ತು ಯೋಗಕ್ಷೇಮದ ಬಗ್ಗೆ ಒಂದು ಸಂಶೋಧನೆ ಮಾಡುತ್ತಿದ್ದೇವೆ. ನಿಮಗೆ ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಯಾವಾಗ ಬೇಕಾದರೂ ನಿಲ್ಲಿಸಬಹುದು. ತಾವು ಒಪ್ಪುತ್ತೀರಾ?"

"ಲೇ ಮೌಲ್ಯಾ, ಚ್ಯಾಷ್ಟಿ ಮಾಡಬ್ಯಾಡ" ಎಂದೆ.

"ಒಪ್ಪುತ್ತೀರಾ, ಇಲ್ಲವಾ?"

ಅವನ ಮುಖದಲ್ಲಿ ನಗು ಇರಲಿಲ್ಲ. "ಹೂಂ" ಎಂದೆ.

ನಲವತ್ತು ಪುಟವೂ ಅವನ ತಲೆಯಲ್ಲಿತ್ತು. ಎರಡು ಬಾರಿ ಕೇಳಿದ್ದನಲ್ಲ, ಅವನಿಗೆ ಒಂದೇ ಬಾರಿ ಸಾಕಿತ್ತು. ಪ್ರಶ್ನೆ, ಅದರ ಕೆಳಗಿನ ನಾಲ್ಕು ಉತ್ತರ, ಯಾವಾಗಲೂ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ, ಒಂದೂ ತಪ್ಪದೆ. ನಿದ್ದೆ ಹೇಗೆ ಬರುತ್ತದೆ? ಮನೆಯಿಂದ ಹೊರಗೆ ಹೋಗಲು ಬೇಸರವೆನಿಸುತ್ತದೆಯೇ? ನಿಮ್ಮನ್ನು ಯಾರಾದರೂ ಲೆಕ್ಕಕ್ಕಿಲ್ಲದಂತೆ ನಡೆಸಿಕೊಂಡಿದ್ದಾರೆಯೇ? ಏಳು ತಿಂಗಳಿಂದ ನಾನು ಈ ಗಳಿಗೆಗಾಗಿ ಕಾದಿದ್ದೆ. ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ ಚೈತ್ರಾಳಿಗೆ ಉದ್ದುದ್ದ ಉತ್ತರ ಕೊಟ್ಟಿದ್ದೆ. ಈಗ ಕೇಳುವವನು ಎದುರಿಗೇ ಕೂತಿದ್ದ, ನನ್ನ ಬಾಯಿಂದ ಬಂದದ್ದು: ಆರಾಮ. ಚಲೋ ಬರ್ತೈತಿ. ಎಂದೂ ಇಲ್ಲ. ಏನಿಲ್ಲ, ಆರಾಮ.

"ಕಳೆದ ನಾಲ್ಕು ವಾರಗಳಲ್ಲಿ ನಿಮ್ಮ ದೇಹದ ಯಾವುದೇ ಭಾಗದಲ್ಲಿ ನೋವು ಕಾಣಿಸಿಕೊಂಡಿದೆಯೇ?"

"ಎಂದೂ ಇಲ್ಲ."

ಮೌಲಾಸಾಬ ರಾಟೆ ನಿಲ್ಲಿಸುವಾಗ ಹಿಡಿಯುವ ಹಾಗೆ ಎರಡು ಬೆರಳು ಮುಂದೆ ಹಿಡಿದ. ಮೈಸೂರು ಧಾಟಿ ಬಿಟ್ಟು ನಮ್ಮ ಮಾತಿಗೆ ಬಂದ.

"ಇದನ್ನ ನಾ ಬರ್ಕೊಳಂಗಿಲ್ಲ. ಸುಳ್ಳೈತಿ ಇದು."

"ನಿನಗ ಹ್ಯಾಂಗ ಗೊತ್ತು?"

"ನಲವತ್ತೈದು ವರ್ಷ ಇದ ಕೈ ಅದ ಹೆಗಲ ಮ್ಯಾಲಿತ್ತಲೇ" ಎಂದು ಅವನು ಎಡಗೈ ಎತ್ತಿ ತೋರಿಸಿದ. "ಬಲಗಡಿ ಕೋಲು ಊರಿದಾಗೊಮ್ಮಿ ಒಳಗ ಎಳೆ ಎಳದಂಗ ನಡಗ್ತಿತ್ತು. ಮದಲ ಮದಲ ಸಂತ್ಯಾಗಷ್ಟ. ಆಮ್ಯಾಲ ಓಣ್ಯಾಗೂ. ನೀ ಬಾಯಿ ಬಿಡಲಿಲ್ಲ, ನಾ ಕೇಳಲಿಲ್ಲ. ನಾ ಕೇಳಿದ್ರ ನೀ ಏನಂತಿದ್ದಿ? ಆರಾಮ ಅಂತಿದ್ದಿ. ಅಂಥಾ ಹೆಗಲ ಮ್ಯಾಲೆ ಇನ್ನೆಷ್ಟ ದಿನಾ ಭಾರಾ ಹಾಕ್ಲಿ ಅಂತ ಬಾಗಲಕೋಟಿಗೆ ಹೋಗಿ ಕೋಲು ಕಲ್ತು ಬಂದೆ. ಐವತ್ತರಾಗ ಹೊಸಾ ನಡಿಗಿ ಕಲಿಯೂದು ಹಗರಲ್ಲ, ಎರಡ ಸಲ ಗಟಾರದಾಗ ಬಿದ್ದೇನಿ."

ಇಷ್ಟು ತಿಂಗಳು ಅವನ ಬಿಳಿ ಕೋಲನ್ನು ಕಂಡಾಗಲೆಲ್ಲ ಉರಿದುಕೊಂಡ ಹೊಟ್ಟೆ ಇದು. ಅವನು ನನ್ನನ್ನು ಬಿಟ್ಟುಹೋದನೆಂದು ಹಲ್ಲು ಕಡಿದ ಬಾಯಿ ಇದು. ನಾಚಿಕೆಯಾಯಿತು, ಅಳುವೂ ಬಂತು. ಕರೆಂಟಿಲ್ಲದ ಅಂಗಡಿಯಲ್ಲಿ ಕಣ್ಣು ಕಾಣದವನ ಮುಂದೆ ಕೂತಿದ್ದರೂ ಮುಖ ಆಚೆ ತಿರುಗಿಸಿದೆ.

"ಪ್ರಶ್ನಿ ತಿರುಗಿ ಕೇಳ್ತೇನಿ" ಎಂದ ಅವನು. "ನೋವು ಐತೋ ಇಲ್ಲೋ?"

"ಐತಿ."

"ಯಾವಾಗಲೂ, ಆಗಾಗ, ಅಪರೂಪಕ್ಕೆ?"

"ಯಾವಾಗಲೂ" ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಬಂತು. ರೀಮಿನದು, ಗಡ್ಡದ್ದು, ಕಟ್ಟೆ ಏರಿ ಕೂತ ದಿನದ್ದು, ಮಾವನ ಮಾತು, ಮುಂದೇನೆಂಬ ಭಯ. ಒಂದೂಕಾಲು ಗಂಟೆಗಿಂತ ಹೆಚ್ಚೇ ಆಗಿರಬೇಕು. ನಡುವೆ ಕರೆಂಟು ಬಂತು, ಯಂತ್ರ ಗುಂಯ್ಗುಟ್ಟಿತು, ಇಬ್ಬರೂ ಏಳಲಿಲ್ಲ. ಕೊನೆಗೆ ಮೌಲಾಸಾಬ ಎದ್ದು ನಿಂತು ಮತ್ತೆ ಚೈತ್ರಾಳ ಧಾಟಿ ಹಿಡಿದ. "ಸಮಯ ಕೊಟ್ಟದ್ದಕ್ಕೆ ಧನ್ಯವಾದಗಳು ಸರ್. ಇದು ನೆನಪಿನ ಕಾಣಿಕೆ" ಎಂದು ಛತ್ರಿಯನ್ನು ಟೇಬಲ್ಲಿನ ಮೇಲಿಟ್ಟ.

"ನಾ ಇದನ್ನ ಯಾವ ಕೈಯಾಗ ಹಿಡೀಲೋ?"

"ಅದ ನನಗೊತ್ತಿಲ್ಲ. ನಾ ಬರೇ ಪ್ರಶ್ನಿ ಕೇಳಾಂವ."

ಮರುವಾರ ಅವನೇ ನನ್ನನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದ. ಭುಜ ನೋಡಿದ ಡಾಕ್ಟರಮ್ಮ, "ಕಾಲು ಮಾಡೂ ಕೆಲಸಾನ ಇದು ಐವತ್ತು ವರ್ಷ ಮಾಡೇತ್ರಿ, ದಣಿಲಾರದ ಏನ್ಮಾಡೀತು" ಎಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ ಚೀಟಿಯಲ್ಲಿ ಬರೆಸಿಕೊಳ್ಳೋಣವೆನಿಸಿತು. ಅಂಗಡಿಯೊಳಗೆ ಗಾಲಿಕುರ್ಚಿ ಬಳಸಬೇಕೆಂದರು, ಒಲ್ಲೆನೆಂದೆ, ಈಗ ಬಳಸುತ್ತೇನೆ. ದಿನಾ ಬೆಳಿಗ್ಗೆ ಅಂಗಾತ ಮಲಗಿ, ಒಂದು ಕೋಲನ್ನು ಎರಡೂ ಕೈಯಲ್ಲಿ ಅಡ್ಡಡ್ಡ ಹಿಡಿದು ತಲೆಯವರೆಗೆ ನಿಧಾನವಾಗಿ ಎತ್ತಿ ಇಳಿಸಬೇಕೆಂದರು. ನನ್ನ ಊರುಗೋಲು ಭಾರವಾಯಿತು, ಮೌಲಾಸಾಬನ ಕೋಲು ಮಡಚಿಕೊಂಡಿತು. ಉದ್ದಕ್ಕೆ, ತೂಕಕ್ಕೆ ಸರಿಯಾಗಿ ಸಿಕ್ಕದ್ದು ಗೂಟದ ಮೇಲಿನ ಛತ್ರಿ. ಎರಡೂ ಕೈ ಬೇಕಾಗುವ ಕೆಲಸ, ಮಲಗಿದವನಿಗೆ ಎರಡೂ ಕೈ ಬಿಡುವು.

ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದರೆ ನೀವು ನಂಬಬೇಡಿ. ಜೀಪು ಮೂರನೆಯ ಬಾರಿ ಬಂದು ಹೋಯಿತು. ಈ ಸಲ ಮೌಲಾಸಾಬನಿಗೆ ಸ್ಟೀಲಿನ ನೀರಿನ ಬಾಟಲಿ ಕೊಟ್ಟಿದ್ದಾರೆ. ಬಾಟಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತಿತ್ತು.

ಆದರೆ ಒಂದು ಮಾತು ಬಾಕಿ ಉಳಿದಿತ್ತು. ವ್ಯಾಯಾಮ ಯಾಕೆಂದು ಸಾವಿತ್ರಿ ಕೇಳಿದಾಗ, ಸ್ವಲ್ಪ ಹಿಡಕೊಂಡೈತಿ, ಡಾಕ್ಟರು ಸುಮ್ಮನ ಹೇಳ್ಯಾರ ಎಂದಿದ್ದೆ. ಮೌಲಾಸಾಬನಿಗೆ ಹೇಳಿದ್ದನ್ನು ಅವಳಿಗೆ ಹೇಳಲು ಆಗಿರಲಿಲ್ಲ. ಇವತ್ತು ಬೆಳಿಗ್ಗೆ ಅವಳು ಛತ್ರಿಯ ಧೂಳು ಒರೆಸಿ ಚಾಪೆಯ ಹತ್ತಿರ ಬಂದು, ದಿನದ ಹಾಗೆಯೇ, ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು ಕೇಳಿದಳು.

"ಆರಾಮ ಅದೀರಿಲ್ಲ?"

ಬಾಯಿ ತನ್ನ ಅಭ್ಯಾಸದಂತೆ ಆ ಎಂದು ತೆರೆದುಕೊಂಡಿತು. ಇಪ್ಪತ್ತಾರು ವರ್ಷದಿಂದ ಈ ಪ್ರಶ್ನೆಯನ್ನು ಇವಳು ದಿನಾ ಕೇಳುತ್ತಿದ್ದಾಳೆ, ಯಾವ ಪಟ್ಟಿಯಿಂದಲೂ ನನ್ನ ಹೆಸರು ಎತ್ತದೆ.

"ಇಲ್ಲ" ಎಂದೆ. "ಭಾಳ ನೋಯ್ತೈತಿ ಸಾವಿತ್ರಿ. ಎರಡ ವರ್ಷದ ಮ್ಯಾಲಾತು. ಆ ಹೆಗಲು ಈಗ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಅತ್ತ ತಿರುಗಿಯೂ ನೋಡದೆ ಚಾಪೆಯ ಬದಿಗೆ ಕೂತು, ನಾನು ಹಿಡಿದಿದ್ದ ಛತ್ರಿಯ ಬಲ ತುದಿಯನ್ನು ತನ್ನ ಕೈಗೆ ತೆಗೆದುಕೊಂಡಳು.

"ಹಿಂಗಂತ ಹೇಳಾಕ ಇಷ್ಟ ದಿನಾ ಬೇಕಾತೇನ್ರಿ?" ಎಂದಳು. "ಎತ್ರಿ. ಈ ಕಡಿ ನಾ ಹಿಡೀತೇನಿ."